ನನ್ನ ಮೊಣಕೈ ಅಳತೆಯ ಮೇಜು

ಏಪ್ರಿಲ್ 8, 2025, ಮಂಗಳವಾರ

ಮೂರನೇ ದಿನ. ಮಹಾಮಾಯಾ ಕೆಲಸಕ್ಕೆ ಬರಲಿಲ್ಲ. ಹೊರಗೆ ನಲವತ್ತೊಂದು ಡಿಗ್ರಿ, ಒಳಗೆ ಏಳು ನಾಯಿ. ಬೀದರಿನಲ್ಲಿ ಈ ಬೇಸಿಗೆಯೇ ನಮ್ಮ ಸುಗ್ಗಿ. ಉದ್ದ ಕೂದಲಿನ ನಾಯಿ ಸಾಕಿದವರಿಗೆಲ್ಲ ಒಮ್ಮೆಲೇ ಅದರ ಮೇಲೆ ಕನಿಕರ ಹುಟ್ಟಿ, ಬೋಳಿಸಿ ಕೊಡಿ ಎಂದು ತರುತ್ತಾರೆ. ಇಂಥ ಹೊತ್ತು ನೋಡಿಯೇ ಅವಳಿಗೆ ಕೈನೋವು ಬರಬೇಕು.

ಮಧ್ಯಾಹ್ನ ಫೋನು ಮಾಡಿದೆ.

"ಯಾಕವ್ವ, ಇವತ್ತೂ ಬರಂಗಿಲ್ಲೇನು?"

"ಕೈ ಎತ್ತಲಿಕ್ಕಿ ಬರವಲ್ದರಿ ಅಕ್ಕಾ."

"ಎಡಗೈ ಅದ ಅಲ್ಲ?"

"ಅದರಿ. ಅದಕ್ಕ ಕತ್ತರಿ ಹಿಡಿಯೋದು ಗೊತ್ತಿಲ್ಲ."

ಮಾತು ಕಲಿತಿದ್ದಾಳೆ. ಆರು ವರ್ಷದ ಹಿಂದೆ ಹಲಬರ್ಗಾದಿಂದ ಬಂದಾಗ ಬಾಯಿ ಬಿಡುತ್ತಿರಲಿಲ್ಲ. ನಾಯಿಯ ಉಗುರು ಕತ್ತರಿಸುವುದು, ಗಂಟುಗಟ್ಟಿದ ಕೂದಲು ಬಿಡಿಸುವುದು, ಕಚ್ಚಲು ಬಂದದ್ದನ್ನು ಪುಸಲಾಯಿಸುವುದು, ಎಲ್ಲ ನಾನೇ ಕಲಿಸಿದ್ದು. ನನ್ನ ಕೈಯೂ ನೋಯುತ್ತದೆ. ದುಡಿದ ಕೈ ನೋಯದೆ ಧಣಿಯ ಕೈ ನೋಯುತ್ತದೆಯೇ? ಇದನ್ನೆಲ್ಲ ಬರೆದಿಡುತ್ತೇನೆ. ನಾಳೆ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿ.

ಈ ಅಂಗಡಿಯ ಕಾನೂನು ಒಂದೇ. ಇಲ್ಲಿ ಯಾರೂ ಕೂತು ಕೆಲಸ ಮಾಡುವುದಿಲ್ಲ. ನನ್ನ ಅಪ್ಪ ಕಾಶೀರಾಮ ಊರವರ ಎಮ್ಮೆಗಳ ಮೈಗೂದಲು ಬೋಳಿಸುತ್ತಿದ್ದ. ಕಂಡವರ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಎಮ್ಮೆಯ ಹೊಟ್ಟೆಯಡಿ ತಲೆ ಹಾಕಿ. ರೊಟ್ಟಿ ಮೇಲಿನಿಂದ ಬೀಳುತ್ತಿತ್ತು. ಅವನು ಕೂತಲ್ಲೇ ಧೋತರದ ಚುಂಗು ಒಡ್ಡುತ್ತಿದ್ದ. ಕೊನೆಗೆ ಮಡಚಿದ ಮಂಡಿ ಬಿಚ್ಚಲೇ ಇಲ್ಲ. ಹೆಣವನ್ನೂ ನೆಟ್ಟಗೆ ಮಲಗಿಸಲು ಆಗಲಿಲ್ಲ.

ಅದಕ್ಕೇ ನಾನು ಹೈದರಾಬಾದಿನಲ್ಲಿ ಕೆಲಸ ಕಲಿತು ಬಂದು ಬೀದರಿನ ಚಿದ್ರಿಯಲ್ಲಿ ಅಂಗಡಿ ತೆರೆದಾಗ ಮೊದಲು ಮಾಡಿಸಿದ್ದು ಮೇಜು. ಕಬ್ಬಿಣದ್ದು. ನಾಯಿ ನಮ್ಮೆತ್ತರಕ್ಕೆ ಬರಬೇಕು, ನಾವು ಅದರ ಕಾಲಡಿಗೆ ಇಳಿಯಬಾರದು. 'ನಾಯಿ ಕಟಿಂಗ್ ಅಂಗಡಿ' ಎಂದು ಊರು ನಕ್ಕರೆ ನಗಲಿ. ನಿಂತು ಮಾಡುವ ಕೆಲಸ ಇದು. ತಲೆಯೆತ್ತಿ ಮಾಡುವ ಕೆಲಸ.

ಏಪ್ರಿಲ್ 11, ಶುಕ್ರವಾರ

ಪ್ರಮಿಲಾಬಾಯಿ ತಮ್ಮ ಬಿಳಿ ಪೊಮೆರೇನಿಯನ್ ನಾಯಿ ತಂದಿದ್ದರು. ಬಾಗಿಲಲ್ಲೇ ಶುರು.

"ಮಹಾಮಾಯಾ ಇಲ್ಲೇನ್ರಿ? ನಮ್ಮ ಚಿಂಟು ಆಕಿ ಕೈಯಾಗ ಕೂಸಿನ್ಹಂಗ ನಿಂದರ್ತದ."

"ಆಕಿಗಿ ಕಲಿಸಿದಾಕಿ ನಾನೇ ಇದ್ದೇನ್ರಿ. ಕೊಡ್ರಿ ಇಲ್ಲಿ."

ಕಿವಿಯ ಅಂಚಿನಲ್ಲಿ ಕತ್ತರಿ ತಾಗಿತು. ಒಂದು ಹನಿ ರಕ್ತ, ಅಷ್ಟೇ. ಅರಿಶಿನ ಒತ್ತಿದೆ. ನಾಯಿ ತಲೆ ಕೊಡವಿತು ಎಂದೆ. "ಅದು ಅಳ್ಳಾಡಿಲ್ಲರಿ, ನಾನೇ ಹಿಡದಿದ್ದೆ" ಎಂದರು ಪ್ರಮಿಲಾಬಾಯಿ. ಹೆಬ್ಬೆರಳಿನಿಂದ ಕತ್ತರಿಯ ಬಳೆ ಜಾರಿತ್ತು. ಹೊಸ ಕತ್ತರಿ ಹೀಗೇ. ಮೊದಲಿನ ಮಾಲು ಈಗ ಬರುವುದಿಲ್ಲ.

ಮಹಾಮಾಯಾ ಔರಾದಿನ ನೆಪ ಹೇಳುತ್ತಾಳೆ. ಆದದ್ದು ಇಷ್ಟು. ಹೋದ ಶನಿವಾರ ಔರಾದಿನ ಒಬ್ಬ ಗುತ್ತೇದಾರರ ಮನೆಗೆ ಟೆಂಪೊ ತೆಗೆದುಕೊಂಡು ಹೋಗಿದ್ದೆವು. ದೊಡ್ಡ ನಾಯಿ, ನಲವತ್ತು ಕಿಲೋಕ್ಕೆ ಕಡಿಮೆಯಿಲ್ಲ. ಅವರು ಅಂಗಳದ ನಳದ ಹತ್ತಿರ ಒಂದು ಗೋಣಿತಟ್ಟು ಹಾಸಿ "ಇಲ್ಲೇ ಕುಂತು ಮಾಡ್ರಿ" ಎಂದರು. ಗೋಣಿತಟ್ಟು! ನನ್ನ ಮೈ ಉರಿಯಿತು. ಅಪ್ಪನಿಗೂ ಅದನ್ನೇ ಹಾಸುತ್ತಿದ್ದರು. ನಾವು ಯಾರ ಅಂಗಳದಲ್ಲೂ ಕೂಡುವವರಲ್ಲ ಎಂದೆ. ನಿಂತು ಮಾಡಲು ನಾಯಿಯನ್ನು ಟೆಂಪೊ ಮೇಲೆ ಎತ್ತಿಕೋ ಎಂದು ಮಹಾಮಾಯಾಳಿಗೆ ಹೇಳಿದೆ. ಎತ್ತಿದಳು. ಕೆಲಸ ಮುಗಿಸಿ ಬಂದೆವು.

ಅಷ್ಟೇ ಆದದ್ದು.

ಏಪ್ರಿಲ್ 14, ಸೋಮವಾರ

ಭೀಮ ಜಯಂತಿ. ಅಂಗಡಿ ರಜೆ. ನೀಲಿ ಸೀರೆ ಉಟ್ಟೆ. ಪಿನ್ನು ಹಾಕಲು ಹತ್ತು ನಿಮಿಷ ಹಿಡಿಯಿತು, ಮೂರು ಸಲ ಕೆಳಗೆ ಬಿತ್ತು.

ಮೆರವಣಿಗೆಯಲ್ಲಿ ಧಮ್ಮಪಾಲ ಸಿಕ್ಕ. ಕೊಳಾರದ ಮಾತ್ರೆ ಕಂಪನಿಯಲ್ಲಿ ನನ್ನ ಜೊತೆ ಗೇಟಿನ ಮುಂದೆ ಕೂತವನು, ಈಗಲೂ ಸಂಘ ನಡೆಸುತ್ತಾನೆ.

"ಕರುಣಕ್ಕಾ, ಮೇ ಒಂದಕ್ಕ ಕೊಳಾರದಾಗ ಸಭಾ ಅದ. ನೀವೇ ಮಾತಾಡಬೇಕು. ಸ್ಟೂಲಿನ ಲಡಾಯಿ ಈಗಿನ ಹೆಣ್ಮಕ್ಕಳಿಗಿ ಗೊತ್ತೇ ಇಲ್ಲ."

ಎರಡು ಸಾವಿರದ ಏಳು. ಹತ್ತು ತಾಸು ನಿಂತು ಮಾತ್ರೆ ಪ್ಯಾಕ್ ಮಾಡುವ ಹೆಂಗಸರಿಗೆ ಕೂಡಲು ಸ್ಟೂಲು ಕೊಡಿ ಎಂದು ನಲವತ್ತು ದಿನ ಗೇಟಿನ ಮುಂದೆ ಕೂಗಿದೆವು. ಹನ್ನೊಂದು ಸ್ಟೂಲು ಬಂದವು. ನನ್ನ ಕೆಲಸ ಹೋಯಿತು.

ಬರುತ್ತೇನೆ ಎಂದೆ.

ಏಪ್ರಿಲ್ 19, ಶನಿವಾರ

ಹಲಬರ್ಗಾಕ್ಕೆ ಹೋಗಿಬಂದೆ. ಕರೆದುಕೊಂಡೇ ಬರಬೇಕೆಂದು ಹೋಗಿದ್ದೆ. ಭಾಲ್ಕಿ ಬಸ್ಸಿನಲ್ಲಿ ಕೂತು, ಹೇಗೆ ಬೈಯಬೇಕು ಎಂಬುದನ್ನೆಲ್ಲ ಜೋಡಿಸಿಕೊಂಡಿದ್ದೆ.

ಅವಳ ತಾಯಿ ಸುಭದ್ರಾಬಾಯಿ ಹೊರಗೆ ಮೊಮ್ಮಗಳ ತಲೆ ಬಾಚುತ್ತ ಕೂತಿದ್ದಳು.

"ಜೈ ಭೀಮ್ ಆಯಿ."

"ಜೈ ಭೀಮ್. ಬರ್ರಿ ಧಣೇರ, ಬರ್ರಿ. ಏ ಪೋರಿ, ಖುರ್ಚಿ ತಾ. ಕೂಡ್ರಿ. ನಮ್ಮ ಮನ್ಯಾಗ ಕೂಡಲಿಕ್ಕಿ ಪರವಾನಗಿ ಅದ."

ಧಣಿ. ನನಗೆ! ಕೊಳಾರದ ಗೇಟಿನಲ್ಲಿ ಲಾಠಿ ತಿಂದವಳಿಗೆ.

ಮಹಾಮಾಯಾ ಒಳಗಿನಿಂದ ಬಂದಳು. ಬಲಗೈಯನ್ನು ಸೆರಗಿನಲ್ಲಿ ಕಟ್ಟಿ ತೂಗುಹಾಕಿಕೊಂಡಿದ್ದಳು. ನಾನು ಜೋಡಿಸಿಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ.

"ಮಗಳ ಜಡಿ ನೀ ಹಾಕಂಗಿಲ್ಲೇನು?" ಎಂದೆ.

"ಬೆರಳಿಗಿ ಕೂದಲ ಹತ್ತವಲ್ದರಿ ಅಕ್ಕಾ. ಹಿಡದೇನಿ ಅನಸ್ತದ, ನೋಡಿದ್ರ ಹಿಡದಿರಂಗಿಲ್ಲ. ರೊಟ್ಟಿ ಬಡೀಲಿಕ್ಕೂ ಬರಂಗಿಲ್ಲ. ಆಯಿನೇ ಬಡೀತಾಳ."

"ಔರಾದದಾಗ ಎತ್ತಿದ್ದಕ್ಕ ಹಿಂಗ ಆಯ್ತೇನು?"

"ಭುಜ ಔರಾದದಾಗ ಹೋಯ್ತು. ಕೈ ಯಾವಾಗೋ ಹೋಗೇದರಿ."

ಅಂಗೈ ಬಿಚ್ಚಿ ತೋರಿಸಿದಳು. ಹೆಬ್ಬೆರಳ ಬುಡದಲ್ಲಿ ಎಲ್ಲರಿಗೂ ಒಂದು ದಿಬ್ಬ ಇರುತ್ತದಲ್ಲ, ಅದು ಅವಳ ಕೈಯಲ್ಲಿ ಇರಲಿಲ್ಲ. ಅಲ್ಲಿ ತಗ್ಗು ಬಿದ್ದಿತ್ತು.

"ಯಾಕ ಹೇಳಲಿಲ್ಲ ನನಗ?"

ನಕ್ಕಳು. ಸಿಟ್ಟಿನ ನಗೆಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹೇಳೀನಲ್ಲರಿ. ನಿಮ್ಮ ಮೇಜ್ ನನ್ನ ಎದಿ ತನಕ ಬರ್ತದ. ದಿನಾ ಭುಜ ಮ್ಯಾಲ ಎತ್ತಿ, ಮಣಿಕಟ್ಟು ಮಡಚೇ ಕತ್ತರಿ ಆಡಸ್ತಿದ್ದೆ. ಮೊದಲ ವರ್ಷ ಒಂದು ಸೇಬಿನ ಪೆಟ್ಟಿಗಿ ತಂದು ಅದರ ಮ್ಯಾಲ ನಿಂದರ್ತಿದ್ದೆ, ಖಬರ್ ಅದ ಏನ್ರಿ? ನೀವೇ ಬೀದ್ಯಾಗ ಒಗದ್ರಿ. ಅಂಗಡಿ ಅಂದ್ರ ಅಂಗಡಿಹಂಗ ಇರಬೇಕು ಅಂದ್ರಿ."

ನೆನಪಿತ್ತು. ಕೆಂಪು ಅಕ್ಷರದ ಪೆಟ್ಟಿಗೆ.

"ಒಮ್ಮಿ ಬಕೀಟ ಬೋರಲ ಹಾಕಿ ಅದರ ಮ್ಯಾಲ ಕುಂತು ಸಣ್ಣ ನಾಯಿ ಉಗುರ ತಗೀಲತ್ತಿದ್ದೆ. ಏನಂದ್ರಿ ಅವತ್ತ? 'ನಿಮ್ಮಪ್ಪ ಕುಂತಿದ್ದು ಸಾಲಲಿಲ್ಲೇನು' ಅಂದ್ರಿ."

ಸುಭದ್ರಾಬಾಯಿ ಹಣಿಗೆಯನ್ನು ನೆಲಕ್ಕೆ ಕುಟ್ಟಿದಳು. "ಇಕೀ ಅಪ್ಪ ಮಂದಿ ಅಂಗಳದಾಗ ಕುಂತೂ ಸತ್ತ, ನಿಂತೂ ಸತ್ತ. ಇಕೀಗಿ ಯಾಕ ಅಂದ್ರಿ ಅದು?"

ಔರಾದಿನ ಬಗ್ಗೆ ಹನ್ನೊಂದನೇ ತಾರೀಖು ಬರೆದದ್ದು ಪೂರ್ತಿಯಲ್ಲ. ಬರೆಯುತ್ತೇನೆ. "ಅಕ್ಕಾ, ಇಲ್ಲೇ ಮಾಡಮು, ನೆರಳದ" ಎಂದು ಅವಳು ಎರಡು ಸಲ ಹೇಳಿದಳು. "ಎತ್ತು" ಎಂದೆ. ನಾನು ಒಂದು ಕಡೆ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ನಾನು ಆ ಗುತ್ತೇದಾರನಿಗೆ ನನ್ನ ಸ್ವಾಭಿಮಾನದ ಪಾಠ ಹೇಳುತ್ತ ನಿಂತಿದ್ದೆ. ಕೂದಲು ಬಿಡಿಸಲು ಒಮ್ಮೆ ಎತ್ತಿದಳು, ಸ್ನಾನಕ್ಕೆ ಇಳಿಸಿದಳು, ಒದ್ದೆ ನಾಯಿಯನ್ನು ಮತ್ತೆ ಎತ್ತಿದಳು. ಎರಡನೇ ಸಲ "ಯವ್ವಾ" ಎಂದಳು.

ಕೇಳಿಸಿತ್ತು.

ಏಪ್ರಿಲ್ 20, ಭಾನುವಾರ

ಐದು ನಾಯಿ. ಬರೆಯಲು ಏನಿಲ್ಲ.

ಏಪ್ರಿಲ್ 23, ಬುಧವಾರ

ಮಹಾಮಾಯಾಳನ್ನು ಬೀದರಿನ ದವಾಖಾನೆಗೆ ಕರೆದುಕೊಂಡು ಹೋದೆ. ಬರಲು ಒಪ್ಪಿರಲಿಲ್ಲ. ಸುಭದ್ರಾಬಾಯಿಯೇ "ಹೋಗು, ಧಣೇರ ಕರದಾರ" ಎಂದು ಬಸ್ಸು ಹತ್ತಿಸಿದಳಂತೆ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಬೆರಳಿಗೆ ಸೂಜಿ ಚುಚ್ಚಿ ನೋಡಿದರು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಭುಜದ ನಾರು ಹರಿದಿದೆ ಎಂದರು. ಆಮೇಲೆ ಅವರು ಕೇಳಿದ ಪ್ರಶ್ನೆಗಳು ರೋಗದ್ದಲ್ಲ, ನನ್ನ ಅಂಗಡಿಯವು. ಮೇಜು ಎಷ್ಟು ಎತ್ತರ? ಏರಿಸಿ ಇಳಿಸಲು ಬರುತ್ತದೆಯೇ? ದಿನಕ್ಕೆ ಎಷ್ಟು ನಾಯಿ? ನಡುವೆ ಕೈಗೆ ಬಿಡುವು ಕೊಡುತ್ತೀರಾ? ದೊಡ್ಡ ನಾಯಿಯನ್ನು ಇಬ್ಬರು ಎತ್ತುತ್ತೀರಾ, ಹತ್ತಲು ಇಳಿಜಾರು ಹಲಗೆ ಇದೆಯೇ? ಕೂಡಲು ಏನಾದರೂ ಇದೆಯೇ?

ಇಲ್ಲ. ಇಲ್ಲ. ಇಲ್ಲ. ಕೊಳಾರದ ಮ್ಯಾನೇಜರನನ್ನು ನಾವು ಹೀಗೇ ನಿಲ್ಲಿಸಿ ಕೇಳಿದ್ದೆವು. ಅವನೂ ಹೀಗೇ ನೆಲ ನೋಡಿದ್ದ.

"ಆಪರೇಷನ್ ಮಾಡಿದ್ರ ಮತ್ತ ಕತ್ತರಿ ಹಿಡೀತಾಳೇನ್ರಿ?"

"ಉರಿ, ಜೋಮು ಕಮ್ಮಿ ಆಗ್ತದರಿ. ಆದ್ರ ಹೆಬ್ಬೆರಳಿನ ಮಾಂಸ ಕರಗಿಹೋಗೇದ. ಆ ಬಲ ವಾಪಸ್ ಬರೋದು ಕಷ್ಟ. ಎರಡು ವರ್ಷ ಮೊದಲು ಬಂದಿದ್ರ ಬೇರೆ ಮಾತು."

ಎರಡು ವರ್ಷದ ಹಿಂದೆ ಒಂದು ದಿನ ಅವಳು ದವಾಖಾನೆಗೆ ಹೋಗಲು ರಜೆ ಕೇಳಿದ್ದಳು. ಬೇಸಿಗೆ ಮುಗಿಯಲಿ ಎಂದಿದ್ದೆ.

ಎದ್ದು ಬರುವಾಗ ಚೀಟಿ ನನ್ನ ಕೈಯಿಂದ ಜಾರಿತು. "ನಿಮ್ಮ ಕೈ ತೋರಸ್ರಿ ಜರಾ" ಎಂದರು ಡಾಕ್ಟರು. ನಂದೇನಿಲ್ಲರಿ ಎಂದೆ. ನನ್ನ ಅಂಗೈಯ ದಿಬ್ಬವೂ ಅಂಥ ಎತ್ತರದ್ದೇನಲ್ಲ. ಮೊದಲಿನಿಂದ ಹಾಗೇ ಇರಬೇಕು.

ಹೊರಗೆ ಮಹಾಮಾಯಾ ಅಳಲಿಲ್ಲ. "ಅಕ್ಕಾ, ಹಲಬರ್ಗಾ ಬಸ್ ಎಷ್ಟಕ್ಕದರಿ?" ಎಂದಳು.

ಮೇ 1, ಗುರುವಾರ

ಮಾತಾಡಿದೆ.

ಒಂದು ಸಾಲು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. 'ನನ್ನ ಅಂಗಡಿಯಲ್ಲಿ ಸ್ಟೂಲಿಲ್ಲ.' ಇದನ್ನೇ ಮೊದಲು ಹೇಳಬೇಕೆಂದಿದ್ದೆ. ಮೈಕು ಹಿಡಿದೆ. ಎದುರಿಗೆ ನೂರಾರು ಹೆಂಗಸರು. ಗಂಟಲು ತಾನಾಗಿ ಹಳೆಯ ದಾರಿ ಹಿಡಿಯಿತು. ನಮ್ಮ ಕಾಲು ಕಂಪನಿಯ ಆಸ್ತಿಯಲ್ಲ! ನಮ್ಮ ಬೆನ್ನು ನಿಮ್ಮ ಲಾಭದ ಏಣಿಯಲ್ಲ! ಒಂದೊಂದು ಮಾತಿಗೂ ಚಪ್ಪಾಳೆ. ಚೀಟಿ ಮುಷ್ಟಿಯಲ್ಲೇ ಬೆವತು ಮುದ್ದೆಯಾಯಿತು.

ಕೆಳಗಿಳಿದ ಮೇಲೆ ಒಬ್ಬ ಹುಡುಗಿ ಬಂದಳು. ಪ್ಯಾಕಿಂಗಿನವಳಂತೆ. ಗಿಡ್ಡ ಹುಡುಗಿ, ನನ್ನ ಭುಜದ ಕೆಳಗೇ ಇದ್ದಳು.

"ಅಕ್ಕಾ, ನಿಮ್ಮ ಅಂಗಡ್ಯಾಗ ಕೆಲಸ ಅದ ಏನ್ರಿ? ಹೆಣ್ಮಗಳು ಬಿಟ್ಟು ಹೋಗ್ಯಾಳ ಅಂತ ಧಮ್ಮಪಾಲಣ್ಣ ಅಂದ. ನಾ ನಾಯಿಗಿ ಅಂಜಂಗಿಲ್ಲರಿ. ಇಲ್ಲಿ ನಿಂತು ನಿಂತು ಕಾಲು ಹೋದವು. ನಿಮ್ಮಲ್ಲಿ ಕೂಡಲಿಕ್ಕಿ ಇದ್ದೇ ಇರ್ತದಲ್ಲರಿ."

ಧಮ್ಮಪಾಲ ಹಿಂದೆ ನಿಂತು ಹೆಮ್ಮೆಯಿಂದ ನಗುತ್ತಿದ್ದ. ಆಮೇಲೆ ಹೇಳುತ್ತೇನೆ ಎಂದು ಅವಳ ಹೆಸರೂ ಕೇಳದೆ ಓಡಿಬಂದೆ. ಲಾಠಿಗೆ ಓಡದವಳು.

ಮೇ 6, ಮಂಗಳವಾರ

ಅಬ್ದುಲ ವಾಹೀದರನ್ನು ಕರೆಸಿದೆ. ಒಂಬತ್ತು ವರ್ಷದ ಹಿಂದೆ ಈ ಮೇಜು ಬೆಸೆದು ಕೊಟ್ಟವರು ಅವರೇ. ಕಾಲು ಕಡಿಯಬೇಕು ಎಂದೆ.

"ಕಡೀಲಿಕ್ಕಿ? ನನ್ನ ಮಾಲ್ ಇನ್ನಾ ಜರಾನೂ ಅಳ್ಳಾಡಿಲ್ಲ ನೋಡ್ರಿ ಬಾಯಿ."

"ಅಳ್ಳಾಡಿಲ್ಲ ವಾಹೀದಭಾಯಿ, ಅದೇ ತಕರಾರು."

ಅವರು ಮೇಜಿನ ಮೇಲೆ ಕೈಯೂರಿ ನೆನಪು ಮಾಡಿಕೊಂಡರು. "ಅವತ್ತೇ ಕೇಳಿದ್ದೆ ನಿಮಗ. ಕಾಲಿಗಿ ತೂತು ಕೊರದು ಪಿನ್ ಹಾಕ್ಲೇನು, ಏರಿಳಿ ಆಗ್ತದ ಅಂದೆ. ನೀವು ಮೊಣಕೈ ಮಡಚಿ ನಿಂತು, 'ಇದಕ್ಕ ಬರಾಬರ್ ಮಾಡ್ರಿ, ಈ ಎತ್ತರ ಯಾರ ಸಲುವಾಗೂ ಇಳಿಯಂಗಿಲ್ಲ' ಅಂದ್ರಿ. ಭಾಷಣದ್ಹಂಗ ಅಂದ್ರಿ. ನಾ ಮನಿಗಿ ಹೋಗಿ ನಮ್ಮಾಕಿಗಿ ಹೇಳಿ ನಕ್ಕೇನಿ."

ಅಂದಿದ್ದೆ. ನನಗೂ ನೆನಪಿದೆ.

"ಈಗ ತೂತು ಕೊರೀಲೇನ್ರಿ?"

"ಬ್ಯಾಡ. ಕಡೀರಿ. ಐದು ಇಂಚು."

ಮಹಾಮಾಯಾಳ ಮೊಣಕೈ ಎಲ್ಲಿ ಬರುತ್ತದೆಂದು ನನಗೆ ಗೊತ್ತಿತ್ತು. ಬಾಗಿಲ ಚೌಕಟ್ಟಿಗೆ ಅವಳು ಒರಗಿ ನಿಲ್ಲುವ ಜಾಗದಲ್ಲಿ ಮೊಣಕೈ ತಾಗಿದ ಎಣ್ಣೆಯ ಕಲೆ ಇದೆ. ಆರು ವರ್ಷ ಅದು ಅಲ್ಲೇ ಇತ್ತು. ನಾಲ್ಕು ಕಾಲು ಕಡಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಎರಡು ಸ್ಟೂಲು ತಂದಿಟ್ಟೆ. ಡಾಕ್ಟರು ಹೇಳಿದ ಇಳಿಜಾರು ಹಲಗೆಯನ್ನೂ ಮಾಡಿಸಿದೆ.

ಸಂಜೆ ಒಂದೇ ನಾಯಿ. ಬಗ್ಗಿ ಮಾಡಿದೆ. ಸೊಂಟ ಹಿಡಿದಿದೆ. ಹಿಡಿಯಲಿ.

ಮೇ 12, ಸೋಮವಾರ. ಬುದ್ಧ ಪೂರ್ಣಿಮೆ

ಮಹಾಮಾಯಾ ಬಂದಿದ್ದಳು. ಬಿಳಿ ಸೀರೆ. ಮಗಳ ಜೊತೆ ಬುದ್ಧವಿಹಾರಕ್ಕೆ ಬಂದವಳು ಅಂಗಡಿಗೂ ಬಂದಳು. ನಾನೇ ಎರಡು ಸಲ ಫೋನು ಮಾಡಿದ್ದೆ.

ಮೇಜು ನೋಡಿದಳು. ಹತ್ತಿರ ಹೋಗಿ ನಿಂತಳು. ಮೊಣಕೈ ಸರಿಯಾಗಿ ಬಂತು. ಭುಜ ಇಳಿದೇ ಇತ್ತು. ಈ ಮೇಜಿನ ಮುಂದೆ ಅವಳ ಭುಜ ಇಳಿದಿದ್ದನ್ನು ನಾನು ನೋಡಿದ್ದು ಇವತ್ತೇ.

ಮತ್ತೆ ಒಂದು ಹುಚ್ಚುತನ ಮಾಡಿದೆ. ಅವಳ ಕತ್ತರಿ ತೆಗೆದುಕೊಟ್ಟೆ.

ಹೆಬ್ಬೆರಳನ್ನು ಬಳೆಗೆ ಹಾಕಿದಳು. ಒತ್ತಿದಳು. ಕತ್ತರಿ ಬಾಯಿ ತೆರೆದೇ ಇತ್ತು. ಇನ್ನೊಮ್ಮೆ ಒತ್ತಿದಳು. ಮಗಳು "ಆಯಿ, ನಾ ಮಾಡ್ಲೇನು?" ಎಂದಳು. ಮಹಾಮಾಯಾ ಕತ್ತರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಚಹಾ ತರಿಸಿದೆ. ಸ್ಟೂಲಿನ ಮೇಲೆ ಕೂತೆವು. ಈ ಅಂಗಡಿಯಲ್ಲಿ ಇಬ್ಬರೂ ಕೂತದ್ದು ಮೊದಲ ಸಲ.

"ಆಪರೇಷನ್ ಆದ ಮ್ಯಾಲ ಬಾ. ಕೈಲೆ ಮಾಡೋದು ಬ್ಯಾಡ. ಹೊಸ ಹುಡುಗಿ ಒಬ್ಬಾಕಿ ಕೆಲಸ ಕೇಳ್ಯಾಳ, ಆಕಿಗಿ ಕಲಸು. ಕುಂತು ಕಲಸು."

"ಏನಂದ್ರಿ? ಕುಂತು ಅಂದ್ರೇನ್ರಿ? ಮತ್ತೊಮ್ಮಿ ಅನ್ರಿ, ನನ್ನ ಕಿವಿನೂ ಕೆಟ್ಟದೋ ಏನೋ."

ಅಂದೆ. ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ ತಲೆ ಅಲ್ಲಾಡಿಸಿದಳು.

"ಇಲ್ಲರಿ ಅಕ್ಕಾ. ನಾಯಿ ಎದುರಿಗಿ ಬಂದ್ರ ಕೈ ತಾನೇ ಮುಂದ ಹೋಗ್ತದ. ಸುಮ್ಮ ನೋಡಕೋತ ಕೂಡೋದು ನನ್ನ ಕೈಲಿಂದ ಆಗಂಗಿಲ್ಲ."

ನಾನು ತಪ್ಪಾಯಿತು ಎಂದೆ. ಇಪ್ಪತ್ತು ವರ್ಷ ಮೈಕಿನಲ್ಲಿ ಕೂಗಿದ ಬಾಯಿ, ಆ ಒಂದು ಮಾತು ಮಗಳಿಗೂ ಕೇಳಿಸದಷ್ಟು ಸಣ್ಣಗೆ ಬಂತು. ಅವಳು ಇರಲಿ ಎನ್ನಲಿಲ್ಲ. ಚಹಾ ಕುಡಿದಳು, ಎಡಗೈಯಲ್ಲಿ. ನನ್ನನ್ನೇ ನೋಡುತ್ತಿದ್ದಳು.

"ಅಕ್ಕಾ, ಗ್ಲಾಸ್ ಎರಡೂ ಕೈಲೆ ಯಾಕ ಹಿಡದೀರಿ?"

"ಛಾ ಸುಡಲತ್ತದ."

"ಛಾ ಆರಿ ಎಷ್ಟು ಹೊತ್ತಾಯ್ತು." ನನ್ನ ಕೈಯಿಂದ ಗ್ಲಾಸು ತೆಗೆದು ಕೆಳಗಿಟ್ಟಳು. "ನಾಳೆನೇ ದವಾಖಾನಿಗಿ ಹೋಗ್ರಿ. ಬ್ಯಾಸಗಿ ಮುಗೀಲಿ ಅನಬ್ಯಾಡ್ರಿ."

ಎದ್ದು ಮೇಜಿನ ಸುತ್ತ ಒಂದು ಸಲ ಬಂದಳು. ಕಡಿದ ಕಾಲುಗಳನ್ನು ಬಗ್ಗಿ ನೋಡಿದಳು.

"ಇದು ನನ್ನ ಅಳತಿಗಿ ಕಡಸೀರಿ."

"ಹೌದು."

"ನಾ ಎಲ್ಲಿ ಬರ್ತೇನ್ರಿ ಇನ್ನ? ಬರೋ ಹುಡುಗಿ ಎಷ್ಟು ಎತ್ತರ ಅದಾಳೋ ಏನೋ, ಆಕಿಗಿ ಕೇಳೀರೇನು? ನೀವು ಹ್ಯಾಂಗ ಮಾಡಾಕಿ, ಬಗ್ಗಿ ಬಗ್ಗಿ? ತೂತು ಕೊರಸ್ರಿ, ಪಿನ್ ಹಾಕಸ್ರಿ."

ಆ ಹುಡುಗಿಯ ಎತ್ತರ ಕೇಳಿಲ್ಲ. ಹೆಸರನ್ನೂ ಕೇಳಿರಲಿಲ್ಲ. ನಾಳೆ ಧಮ್ಮಪಾಲನಿಗೆ ಫೋನು ಮಾಡಬೇಕು, ವಾಹೀದಭಾಯಿಗೂ.

ಕಡಿದ ನಾಲ್ಕು ಕಬ್ಬಿಣದ ತುಂಡು ಕಿಟಕಿಯಲ್ಲೇ ಇದ್ದವು. ಗುಜರಿಗೆ ಹಾಕಲು ಮನಸ್ಸಾಗಿರಲಿಲ್ಲ. ಮಹಾಮಾಯಾ ಹೊರಡುವ ಮುಂಚೆ ಎಡಗೈಯಿಂದ ಒಂದನ್ನು ಎತ್ತಿಕೊಂಡಳು. ತನ್ನ ಬಲಗೈಯ ಪಕ್ಕ ಹಿಡಿದಳು. ಅದು ಅವಳ ಅಂಗೈಗಿಂತ ಸ್ವಲ್ಪವೇ ಉದ್ದ ಇತ್ತು.

"ಇಷ್ಟೇ ಕಡಿಯೋದಿತ್ತೇನ್ರಿ, ಅಕ್ಕಾ?"